ಬತ್ತಿಯ ತುದಿಯ ಬಣ್ಣ

ಲಾಲ್‌ಬಾಗಿನ ದೊಡ್ಡ ಬೂರುಗದ ಮರದ ಹತ್ತಿರ ತಿಂಗಳಿಗೊಂದು ಭಾನುವಾರ ನಾವು ಏಳೆಂಟು ಮಂದಿ ಸೇರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಸಾಫ್ಟ್‌ವೇರ್ ಕೆಲಸದ ಇಬ್ಬರು, ಒಬ್ಬ ಹಲ್ಲಿನ ಡಾಕ್ಟರು, ಅಮ್ಮನ ಜೊತೆ ಬರುವ ಎಂಟನೇ ಕ್ಲಾಸಿನ ಹುಡುಗಿ. ಚಿತ್ರ ಬರೆಯುವುದು ನಮ್ಮಲ್ಲಿ ಯಾರಿಗೂ ಹೊಟ್ಟೆಪಾಡಲ್ಲ. ಸರದಿಯ ಪ್ರಕಾರ ಒಬ್ಬರು ಮರದ ಗೆರೆಚಿತ್ರ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಎಲ್ಲರಿಗೂ ಒಂದೊಂದು ಪ್ರತಿ ಮಾಡಿಸಿ ತರುತ್ತಾರೆ. ಗೆರೆ ಒಂದೇ, ಬಣ್ಣ ತುಂಬುವ ಕೈಗಳು ಬೇರೆ ಬೇರೆ. ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮೇಲೆ ಏಳೆಂಟು ಬೂರುಗದ ಮರಗಳು ಸಾಲಾಗಿ ಮಲಗಿರುತ್ತವೆ. ಒಂದು ಮುಂಜಾವಿನದು, ಒಂದು ಮಳೆಯದು, ಒಂದಂತೂ ಪೂರಾ ನೇರಳೆ. ಅವನ್ನು ಅದಲುಬದಲು ಮಾಡಿಕೊಂಡು ಮನೆಗೆ ಹೋಗುತ್ತೇವೆ.

ಹೋದ ಸಲ ಆ ಹುಡುಗಿಯ ಮರದ ಬುಡದಲ್ಲಿ ಕಾಗದ ಹರಿಯಿತು. ಹಲಗೆಯಂತೆ ಎದ್ದುನಿಂತ ಬೇರಿನ ನೆರಳಿಗೆ ಅವಳು ಕಂದು ಸ್ಕೆಚ್ ಪೆನ್ನಿನಿಂದ ಮತ್ತೆ ಮತ್ತೆ ತೀಡುತ್ತಿದ್ದಳು. ಮೊದಲ ಸಲ ಗೀಟು ಗೀಟಾಗಿ ಕಂಡಿತು. ಎರಡನೇ ಸಲಕ್ಕೆ ಕಾಗದ ಜುಂಗು ಎದ್ದಿತು. ಮೂರನೇ ಸಲಕ್ಕೆ ಆ ಜುಂಗು ಸಣ್ಣ ಸಣ್ಣ ಉಂಡೆಗಳಾಗಿ ನಿಬ್ಬಿಗೆ ಅಂಟಿಕೊಂಡು ಅಡಿಯಲ್ಲಿ ತೂತು ಬಿತ್ತು. ಪಕ್ಕದಲ್ಲೇ ಕೂತಿದ್ದ ನಾನು ಅದೇ ಕಾಗದದ ಮೇಲೆ, ಅದೇ ನೆರಳಿಗೆ ಐದು ಸಲ ಮಾರ್ಕರ್ ಆಡಿಸಿದ್ದೆ. ಕಾಗದ ನುಣ್ಣಗೆ ಹಾಗೇ ಇತ್ತು. “ಅಂಕಲ್, ನಿಮ್ಮ ಪೆನ್ನಲ್ಲಿ ಯಾಕೆ ಹರಿಯಲ್ಲ?” ಅಂದಳು. ಬೆಲೆ ಜಾಸ್ತಿಯಲ್ವಾ ಅದಕ್ಕೆ ಎಂದು ಅವಳ ಅಮ್ಮ ಹೇಳಿದರು. ಬೆಲೆ ಜಾಸ್ತಿ ಎನ್ನುವುದು ನಿಜ. ಆದರೆ ಕಾರಣ ಬೇರೆ. ಅದನ್ನು ತಿಳಿಯಲು ಮೊದಲು ಒಂದು ಪೆನ್ನನ್ನು ಬಿಚ್ಚಬೇಕು.

ಒಣಗಿದ ಸ್ಕೆಚ್ ಪೆನ್ನಿನ ಹಿಂಬದಿಯ ಬೂಚನ್ನು ಹಲ್ಲಲ್ಲಿ ಕಚ್ಚಿ ತೆಗೆದು, ಒಳಗೆ ನಾಲ್ಕು ಹನಿ ನೀರು ಬಿಟ್ಟು ಮತ್ತೆ ಬರೆಸಿದ್ದು ನಮ್ಮಲ್ಲಿ ಬಹಳ ಜನರಿಗೆ ನೆನಪಿರುತ್ತದೆ. ಆಗ ಕಂಡದ್ದನ್ನೇ ಈಗ ನಿಧಾನವಾಗಿ ನೋಡೋಣ. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದ, ಬೆರಳುದ್ದದ, ಹತ್ತಿಯಂತೆ ಮೆತ್ತಗಿನ ನಾರಿನ ಕಟ್ಟು. ಶಾಯಿಯೆಲ್ಲ ಇರುವುದು ಅದರಲ್ಲೇ. ಅದರ ತಲೆಗೆ ಚುಚ್ಚಿಕೊಂಡಿರುವ ನಿಬ್ಬು ಕೂಡ ನಾರೇ, ಆದರೆ ಒತ್ತಾಗಿ ಸೇರಿಸಿ ಗಟ್ಟಿ ಮಾಡಿದ್ದು. ಸ್ಪ್ರಿಂಗ್ ಇಲ್ಲ, ಕವಾಟ ಇಲ್ಲ, ತಿರುಗುವ ಗುಂಡಿಲ್ಲ. ಇದು ಹಣತೆಯ ಬತ್ತಿ. ಎಣ್ಣೆ ಬತ್ತಿಯೊಳಗೆ ತಾನಾಗಿ ಏರುವಂತೆ ಶಾಯಿ ನಾರಿನ ಸಂದಿಗಳಲ್ಲಿ ತಾನಾಗಿ ನಡೆಯುತ್ತದೆ. ಶಾಲೆಯ ಪುಸ್ತಕ ಇದನ್ನು ಕೇಶಾಕರ್ಷಣೆ ಎನ್ನುತ್ತದೆ.

ಇದರ ನಿಯಮ ಸರಳ. ಸಂದಿ ಕಿರಿದಾದಷ್ಟೂ ಎಳೆತ ಜಾಸ್ತಿ. ಪೆನ್ನಿನ ಹೊಟ್ಟೆಯಲ್ಲಿರುವ ಕಟ್ಟು ಸಡಿಲ, ನಿಬ್ಬು ಅದಕ್ಕಿಂತ ಬಿಗಿ, ಕಾಗದದೊಳಗಿನ ಸಂದಿಗಳು ಇನ್ನೂ ಕಿರಿದು. ಹೀಗಾಗಿ ಶಾಯಿ ಸಡಿಲ ಜಾಗದಿಂದ ಬಿಗಿ ಜಾಗಕ್ಕೆ ಸರಿಯುತ್ತಾ ಬರುತ್ತದೆ. ತುದಿ ಕೆಳಗೆ ಮಾಡಿ ಹಿಡಿದರೂ ತೊಟ್ಟಿಕ್ಕುವುದಿಲ್ಲ, ಏಕೆಂದರೆ ನಾರಿನ ಹಿಡಿತ ಶಾಯಿಯ ಭಾರಕ್ಕಿಂತ ಬಲವಾಗಿದೆ. ಕಾಗದ ಮುಟ್ಟಿದ ಕ್ಷಣದಲ್ಲಿ ಮಾತ್ರ, ತನಗಿಂತ ಬಿಗಿಯಾದ ಜಾಗ ಸಿಕ್ಕಿತೆಂದು ಹೊರಡುತ್ತದೆ. ಹಾಗೆ ನೋಡಿದರೆ ನಾವು ಮಾರ್ಕರ್‌ನಿಂದ ಬರೆಯುವುದಕ್ಕಿಂತ ಹೆಚ್ಚಾಗಿ ಕಾಗದವೇ ಮಾರ್ಕರ್‌ನಿಂದ ಹೀರಿಕೊಳ್ಳುತ್ತದೆ. ಕೈ ಎಲ್ಲಿ ನಿಂತಿತೋ ಅಲ್ಲಿ ಚುಕ್ಕೆ ದೊಡ್ಡದಾಗುವುದು ಅದಕ್ಕೇ. ಹೊಸಬರಿಗೆ ನಾವು ಮೊದಲು ಹೇಳುವ ಮಾತು “ಕೈ ನಿಲ್ಲಿಸಬೇಡಿ” ಎಂಬುದು.

ಅಮೆರಿಕದ ಸಿಡ್ನಿ ರೋಸೆಂತಾಲ್ 1953ರಲ್ಲಿ ‘ಮ್ಯಾಜಿಕ್ ಮಾರ್ಕರ್’ ಮಾರುಕಟ್ಟೆಗೆ ತಂದಾಗ ಅದು ಶಾಯಿಯ ಪುಟ್ಟ ಗಾಜಿನ ಬಾಟಲಿಗೆ ಸಿಕ್ಕಿಸಿದ ಉಣ್ಣೆಯ ಬತ್ತಿಯೇ ಆಗಿತ್ತು. ಜಪಾನಿನ ಯುಕಿಯೊ ಹೋರಿಯೆ 1962ರಲ್ಲಿ ಉಣ್ಣೆಯ ಬದಲು ನಾರುಗಳನ್ನು ಒತ್ತಿ ಸಣ್ಣ, ಗಟ್ಟಿ ತುದಿ ಮಾಡಿದರು. ಮುಂದೆ ಪೆಂಟೆಲ್ ಎಂದು ಹೆಸರಾದ ಕಂಪನಿ ಅವರದು. ನಮ್ಮ ಪುಸ್ತಕದಂಗಡಿಗಳ ಹನ್ನೆರಡು ಬಣ್ಣದ ಸ್ಕೆಚ್ ಪೆನ್ ಪ್ಯಾಕೆಟ್ಟು ಆ ತುದಿಯ ಸಂತತಿ.

ಈಗ ಹರಿದ ಕಾಗದಕ್ಕೆ ಬರೋಣ. ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಚಾಪೆ. ಆ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಮುಖ್ಯವಾಗಿ ಅಂಟಲ್ಲ, ಹೈಡ್ರೋಜನ್ ಬಂಧಗಳು. ಒಂದೊಂದೂ ದುರ್ಬಲ, ಕೋಟಿಗಟ್ಟಲೆ ಸೇರಿದಾಗ ಗಟ್ಟಿ. ನೀರಿನ ಕಣಕ್ಕೂ ಅದೇ ಬಗೆಯ ಬಂಧ ಬೆಸೆಯುವ ಗುಣವಿದೆ. ಸ್ಕೆಚ್ ಪೆನ್ನಿನ ನೀರು ನಾರುಗಳ ನಡುವೆ ನುಗ್ಗಿ, ನಾರು ನಾರಿನ ಕೈ ಬಿಡಿಸಿ ತನ್ನ ಕೈ ಹಿಡಿಸಿಕೊಳ್ಳುತ್ತದೆ. ನಾರು ಉಬ್ಬುತ್ತದೆ, ಸಡಿಲಾಗುತ್ತದೆ. ಅಂಥ ಹೊತ್ತಿನಲ್ಲಿ ಗಟ್ಟಿ ನಿಬ್ಬು ಉಜ್ಜಿದರೆ ನಾರು ಕಿತ್ತುಬರದೆ ಇನ್ನೇನಾಗುತ್ತದೆ? ನೆಂದ ನೋಟ್‌ಬುಕ್ಕಿನ ಹಾಳೆ ಮುಟ್ಟಿದರೆ ಕಿತ್ತು ಬರುವುದೂ ಒಣಗಿದ ಮೇಲೆ ಸುಕ್ಕಾಗಿ ಉಳಿಯುವುದೂ ಇದರಿಂದಲೇ.

ನನ್ನ ಮಾರ್ಕರ್‌ನಲ್ಲಿದ್ದದ್ದು ನೀರಲ್ಲ, ಆಲ್ಕೋಹಾಲ್. ಮುಚ್ಚಳ ತೆಗೆದರೆ ಇಂಜೆಕ್ಷನ್‌ಗೆ ಮುಂಚೆ ನರ್ಸ್ ತೋಳಿಗೆ ಒರೆಸುವ ಸ್ಪಿರಿಟ್ಟಿನ ವಾಸನೆ. ಆಲ್ಕೋಹಾಲ್ ಸೆಲ್ಯುಲೋಸ್ ನಾರನ್ನು ನೀರಿನಷ್ಟು ಉಬ್ಬಿಸಲಾರದು. ಬಂಧಗಳು ಬಹುಪಾಲು ಹಾಗೇ ಉಳಿಯುತ್ತವೆ. ಇನ್ನೊಂದು ವ್ಯತ್ಯಾಸ ಮೇಲ್ಮೈ ಎಳೆತದ್ದು. ನೀರಿಗೆ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಎಥೆನಾಲ್ ಎಂಬ ಆಲ್ಕೋಹಾಲಿಗೆ ಸುಮಾರು 22. ಎಳೆತ ಜಾಸ್ತಿಯಿದ್ದರೆ ದ್ರವ ಮುದುಡಿ ಹನಿಯಾಗಿ ಕೂರಲು ನೋಡುತ್ತದೆ, ಕೆಸುವಿನೆಲೆಯ ಮೇಲಿನ ಮಳೆಹನಿಯ ಹಾಗೆ. ಎಳೆತ ಕಡಿಮೆಯಿದ್ದರೆ ಸಿಕ್ಕಿದ ಕಡೆಗೆಲ್ಲ ಹಬ್ಬುತ್ತದೆ. ಅದಕ್ಕೇ ಆಲ್ಕೋಹಾಲ್ ಮಾರ್ಕರ್ ಬಣ್ಣ ಕಾಗದದಲ್ಲಿ ತಟ್ಟನೆ ಇಳಿದು ಸಮನಾಗಿ ಕೂರುತ್ತದೆ. ಅದಕ್ಕೇ ಗೆರೆ ದಾಟಿ ಹಬ್ಬುತ್ತದೆ. ಅದಕ್ಕೇ ಸಾಧಾರಣ ಜೆರಾಕ್ಸ್ ಹಾಳೆಯ ಹಿಂದಕ್ಕೂ ಇಳಿದು ಅಡಿಯ ಹಾಳೆಯನ್ನೂ ಕೆಡಿಸುತ್ತದೆ. ಒಂದೇ ಗುಣದ ಲಾಭವೂ ನಷ್ಟವೂ ಒಟ್ಟಿಗೇ ಬರುತ್ತವೆ, ಆದ್ದರಿಂದ ನಾವು ಅಡಿಗೆ ಯಾವಾಗಲೂ ಒಂದು ರದ್ದಿ ಹಾಳೆ ಇಟ್ಟುಕೊಳ್ಳುತ್ತೇವೆ.

ಆ ಹುಡುಗಿಯ ಚಿತ್ರದಲ್ಲಿ ಮೊದಲ ಸಲವೇ ಕಂಡ ಗೀಟುಗಳನ್ನು ಮರೆಯುವುದು ಬೇಡ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ನಡುವೆ ತೆಳು, ಅಂಚಿಗೆ ಗಾಢವಾದ ಉಂಗುರ ಬೀಳುತ್ತದಲ್ಲ, ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಅದರ ಕಾರಣವನ್ನು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ. ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನಿಂದ ದ್ರವ ಹೊರಕ್ಕೆ ಹರಿಯುತ್ತದೆ, ಹರಿಯುವಾಗ ಕಾಫಿಯ ಕಣಗಳನ್ನೂ ಹೊತ್ತೊಯ್ದು ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಕಾಗದದ ಮೇಲಿನ ಸ್ಕೆಚ್ ಪೆನ್ ಗೆರೆಯಲ್ಲೂ ಬಣ್ಣ ಹೀಗೆ ಅಂಚಿಗೆ ಸೇರಬಲ್ಲದು. ಅದು ಆರಿದ ಮೇಲೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರೆ ಅಂಚಿನ ಮೇಲೆ ಅಂಚು ಬಿದ್ದು ಗೀಟಾಗುತ್ತದೆ.

ಆಲ್ಕೋಹಾಲ್ ಮಾರ್ಕರ್‌ನಲ್ಲಿ ಹೊಸ ಗೆರೆ ಹಳೆಯ ಗೆರೆಯ ಬಣ್ಣವನ್ನು ಮತ್ತೆ ಕರಗಿಸಿಕೊಳ್ಳುತ್ತದೆ. ಅಂಚು ಹಸಿಯಾಗಿರುವಾಗಲೇ ಪಕ್ಕದ ಗೆರೆ ಸೇರಿಸಿದರೆ ಎರಡೂ ಒಂದಾಗಿ ಗೀಟು ಮಾಯ. ಇದರಲ್ಲಿ ಊರಿನ ಹವೆಗೂ ಪಾಲಿದೆ. ಎಥೆನಾಲ್ ಕುದಿಯುವುದು 78 ಡಿಗ್ರಿಗೆ, ಹಾಗಾಗಿ ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಅಂಚು ಕಣ್ಣೆದುರೇ ಆರಿಹೋಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ನೀರಿನ ಸ್ಕೆಚ್ ಪೆನ್ನು ಆರಲು ತಡ, ಏಕೆಂದರೆ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದೆ. ಆಲ್ಕೋಹಾಲಿಗೆ ಆ ಅಡ್ಡಿ ಅಷ್ಟಿಲ್ಲ, ಗಾಳಿಯಲ್ಲಿ ಅದರ ಆವಿ ಇರುವುದಿಲ್ಲವಲ್ಲ.

ಜೆರಾಕ್ಸ್ ಗೆರೆಯ ಮೇಲೆ ನಾವು ಬಣ್ಣ ಹಾಕುವುದಕ್ಕೂ ಒಂದು ಚರಿತ್ರೆಯಿದೆ, ಅದು ನನಗೆ ಬಹಳ ಪ್ರಿಯವಾದದ್ದು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯ ಬಡಾವಣೆಯ ಬಾಡಿಗೆ ಕೋಣೆಯೊಂದರಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ಕೊಟ್ಟು, ಅಕ್ಷರ ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು. ಮೇಲೆ ಪುಡಿ ಉದುರಿಸಿದಾಗ ಆವೇಶ ಉಳಿದ ಕಡೆ ಮಾತ್ರ ಪುಡಿ ನಿಂತು, ಆ ದಿನದ ತಾರೀಖೂ ಬಡಾವಣೆಯ ಹೆಸರೂ ಮೂಡಿದವು. ಇಂದಿನ ಜೆರಾಕ್ಸ್ ಯಂತ್ರದ ಮೂಲ ಅದು. ಯಂತ್ರದೊಳಗಿನ ಟೋನರ್ ಎಂದರೆ ಕಪ್ಪು ಬೆರೆಸಿದ ಪ್ಲಾಸ್ಟಿಕ್ ಪುಡಿ. ಕಾವು ಕೊಟ್ಟು ಕಾಗದಕ್ಕೆ ಕರಗಿಸಿ ಅಂಟಿಸುತ್ತಾರೆ. ಅಂಗಡಿಯವರು ಕೊಟ್ಟ ಹಾಳೆ ಬೆಚ್ಚಗಿರುವುದು ಅದಕ್ಕೇ.

ಹಿಂದಿನ ಮಾರ್ಕರ್‌ಗಳಲ್ಲಿ ಕ್ಸೈಲೀನಿನಂಥ ದ್ರಾವಕ ಇರುತ್ತಿತ್ತು. ಪೇಂಟ್ ತೆಳು ಮಾಡುವ ತಿನ್ನರಿನ ವಾಸನೆಯನ್ನು ನೆನೆದುಕೊಳ್ಳಿ. ಅದು ತಲೆನೋವು ತರುತ್ತಿತ್ತು, ಜೊತೆಗೆ ಟೋನರಿನ ಪ್ಲಾಸ್ಟಿಕ್ಕನ್ನೂ ಕರಗಿಸುತ್ತಿತ್ತು. ಜೆರಾಕ್ಸ್ ಗೆರೆಯ ಮೇಲೆ ಬಣ್ಣ ಹಾಕಿದರೆ ಗೆರೆಯೇ ಕದಡಿ ಕಪ್ಪು ಕೆಸರು. 1987ರಲ್ಲಿ ಜಪಾನಿನಲ್ಲಿ ಬಂದ ‘ಕೊಪಿಕ್’ ಮಾರ್ಕರ್‌ನಲ್ಲಿ ಆಲ್ಕೋಹಾಲ್ ಬಳಸಿದರು. ಅದು ಟೋನರಿನ ಗೆರೆಯನ್ನು ಕದಡದು. ಹೆಸರು ಬಂದದ್ದೇ ಕಾಪಿ ಎಂಬ ಮಾತಿನಿಂದ. ಅಂದರೆ ನಮ್ಮ ಕೈಯಲ್ಲಿರುವ ಈ ಸಲಕರಣೆ ಪ್ರತಿ ತೆಗೆಯಲು, ಹಂಚಲು, ಬೇಗ ತೋರಿಸಲು ಹುಟ್ಟಿದ್ದು. ಗೋಡೆಯ ಮೇಲೆ ನೂರು ವರ್ಷ ಉಳಿಯಲಿ ಎಂದು ಯಾರೂ ಮಾಡಿದ್ದಲ್ಲ. ಡಿಸೈನರು ಗಿರಾಕಿಗೆ ಒಂದು ನಮೂನೆ ತೋರಿಸುತ್ತಾನೆ, ಒಪ್ಪಿಗೆಯಾದ ಮೇಲೆ ಅದರ ಕೆಲಸ ಮುಗಿಯಿತು. ಅದನ್ನು ಉಡುಗೊರೆಯಾಗಿ ಕೊಟ್ಟು, ಚೌಕಟ್ಟು ಹಾಕಿಸಿ, ಉಳಿಯಬೇಕೆಂದು ಆಸೆಪಟ್ಟವರು ನಮ್ಮಂಥ ಹವ್ಯಾಸಿಗಳು. ಆ ಆಸೆ ತಪ್ಪೆಂದು ನಾನು ಹೇಳಲಾರೆ, ಆದರೆ ಅದರ ರಸಾಯನ ತಿಳಿದುಕೊಂಡೇ ಆಸೆಪಡಬೇಕು.

ಗೆರೆಯನ್ನು ಕೈಯಿಂದಲೇ ಬರೆಯುವುದಾದರೆ ಇದೇ ಲೆಕ್ಕಾಚಾರ ಬೇಕು. ಪರ್ಮನೆಂಟ್ ಮಾರ್ಕರ್ ಎಂಬ ಹೆಸರು ನಂಬಿ ಅದರಲ್ಲಿ ಗೆರೆ ಬರೆದು ಮೇಲೆ ಆಲ್ಕೋಹಾಲ್ ಮಾರ್ಕರ್ ಆಡಿಸಿದರೆ ಕಪ್ಪು ಹರಡಿ ಚಿತ್ರ ಕೆಡುತ್ತದೆ, ಏಕೆಂದರೆ ಅದು ನೀರಿಗೆ ಮಾತ್ರ ಪರ್ಮನೆಂಟ್. ಶಾಲೆಯ ಮೇಷ್ಟರುಗಳಿಗೆ ಇದು ಬೇರೆ ದಾರಿಯಲ್ಲಿ ಗೊತ್ತು: ವೈಟ್‌ಬೋರ್ಡ್ ಮೇಲೆ ತಪ್ಪಿ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದದ್ದನ್ನು ಅಳಿಸಲು, ಅದರ ಮೇಲೇ ವೈಟ್‌ಬೋರ್ಡ್ ಮಾರ್ಕರ್ ತೀಡಿ ಒರೆಸುತ್ತಾರೆ. ಎರಡರ ದ್ರಾವಕವೂ ಒಂದೇ ಜಾತಿಯದು. ಕಾಡಿಗೆಯಂಥ ಇಂಗಾಲದ ಪುಡಿಯಿಂದ ಮಾಡಿದ ಕಪ್ಪು ಶಾಯಿ ಮಾತ್ರ ಪೂರಾ ಆರಿದ ಮೇಲೆ ಆಲ್ಕೋಹಾಲಿಗೆ ಜಗ್ಗುವುದಿಲ್ಲ.

ಪುಡಿಗೂ ಕರಗಿದ ಬಣ್ಣಕ್ಕೂ ಇರುವ ಈ ಅಂತರವೇ ಮಾರ್ಕರ್ ಚಿತ್ರದ ಚೆಲುವಿಗೆ ಕಾರಣ. ಪೇಂಟಿನಲ್ಲಿರುವುದು ಪಿಗ್ಮೆಂಟ್, ಅಂದರೆ ಕರಗದ ಪುಡಿ. ಅದು ಕಾಗದವನ್ನು ಮುಚ್ಚುತ್ತದೆ. ಬಹುತೇಕ ಆಲ್ಕೋಹಾಲ್ ಮಾರ್ಕರ್‌ಗಳಲ್ಲಿರುವುದು ಡೈ, ಸಕ್ಕರೆ ನೀರಿನಲ್ಲಿ ಕರಗುವ ಹಾಗೆ ಕಣಕಣವಾಗಿ ಕರಗಿದ ಬಣ್ಣ. ಬೆಳಕು ಅದರೊಳಗೆ ಹಾದು, ಬಿಳಿ ಕಾಗದಕ್ಕೆ ಬಡಿದು, ಮತ್ತೆ ಅದರೊಳಗೇ ಹಾದು ಕಣ್ಣಿಗೆ ಬರುತ್ತದೆ. ಒಂದು ಲೇಪ ಬೆಳಕಿನ ಅರ್ಧವನ್ನು ಬಿಟ್ಟರೆ ಎರಡು ಲೇಪ ಕಾಲುಭಾಗ ಬಿಡುತ್ತದೆ, ಮೂರು ಲೇಪ ಅರೆಕಾಲು. ಮೊದಲೆರಡು ಲೇಪಕ್ಕೆ ಕಾಣುವ ವ್ಯತ್ಯಾಸ ಐದನೆಯದಕ್ಕೆ ಕಾಣದಿರುವುದು ಹೀಗೆ. ಬೇರಿನ ಮೇಲಿನ ಬಿಸಿಲನ್ನು ನಾವು ಬರೆಯುವುದಿಲ್ಲ, ಬಿಟ್ಟುಕೊಡುತ್ತೇವೆ. ಅಲ್ಲಿ ಹೊಳೆಯುವುದು ಬರಿಯ ಕಾಗದ.

ಇನ್ನು ಬಣ್ಣವಿಲ್ಲದ ಮಾರ್ಕರ್. ನಮ್ಮ ಪೆಟ್ಟಿಗೆಯಲ್ಲಿ ಅದೊಂದಿದೆ, ಬರಿಯ ದ್ರಾವಕ ತುಂಬಿದ್ದು, ಬ್ಲೆಂಡರ್ ಎನ್ನುತ್ತೇವೆ. ಹಸಿರು ಎಲೆಯ ನಡುವೆ ಅದನ್ನು ಒತ್ತಿ ಹಿಡಿದರೆ ಬಣ್ಣ ಸುತ್ತಲೂ ಸರಿದು ನಡುವೆ ಬೆಳಕಿನ ಮಚ್ಚೆಯಾಗುತ್ತದೆ. ಹತ್ತಿರದಿಂದ ನೋಡಿದರೆ ಆ ಹಸಿರು ಒಡೆದು ಹೊರಗೆ ನೀಲಿ, ಒಳಗೆ ಹಳದಿ ಕಾಣುವುದುಂಟು. ಜರ್ಮನಿಯ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಹತ್ತೊಂಬತ್ತನೇ ಶತಮಾನದಲ್ಲೇ ಈ ಆಟಕ್ಕೆ ಮನಸೋತಿದ್ದರು. ಕಾಫಿಯಿಂದ ಕೆಫೀನನ್ನು ಬೇರ್ಪಡಿಸಿದ ರಸಾಯನಶಾಸ್ತ್ರಜ್ಞ ಇವರೇ. ಹೀರುಕಾಗದದ ಮೇಲೆ ಒಂದರ ಮೇಲೊಂದು ಲವಣದ ದ್ರಾವಣಗಳ ಹನಿ ಬಿಟ್ಟು, ಹೂವಿನಂತೆ, ಕಣ್ಣಿನ ಪಾಪೆಯಂತೆ ಅರಳುವ ಆಕಾರಗಳನ್ನು ಪಡೆದರು. 1855ರಲ್ಲಿ ಆ ಕಾಗದಗಳನ್ನೇ ಅಂಟಿಸಿದ ಪುಸ್ತಕ ತಂದರು. ಕುಂಚ ಮುಟ್ಟದೆ ವಸ್ತುಗಳೇ ಬರೆದುಕೊಂಡ ಚಿತ್ರಗಳು ಅವು. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಎಲೆಯ ಹಸಿರನ್ನು ಸುಣ್ಣದ ಪುಡಿ ತುಂಬಿದ ನಳಿಗೆಯಲ್ಲಿ ಇಳಿಸಿ ಪಟ್ಟೆಪಟ್ಟೆಯಾಗಿ ಬೇರ್ಪಡಿಸಿ, 1906ರಲ್ಲಿ ಆ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟರು. ಅವರ ಮನೆತನದ ಹೆಸರಿಗೆ ರಷ್ಯನ್ನಿನಲ್ಲಿ ಬಣ್ಣ ಎಂದೇ ಅರ್ಥ. 1944ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಉಣ್ಣೆ ಸಂಶೋಧನಾಲಯದಲ್ಲಿ ಆರ್ಚರ್ ಮಾರ್ಟಿನ್ ಮತ್ತು ಸಂಗಡಿಗರು ಇದನ್ನು ಕಾಗದದ ಪಟ್ಟಿಯ ಮೇಲೆ ಮಾಡಿ ತೋರಿಸಿದರು. ಮಾರ್ಟಿನ್‌ಗೂ ರಿಚರ್ಡ್ ಸಿಂಗ್‌ಗೂ 1952ರ ನೊಬೆಲ್ ಬಂತು.

ಇದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಬಿಳಿ ಸೀಮೆಸುಣ್ಣದ ಕಡ್ಡಿಗೆ ಬುಡದಿಂದ ಒಂದು ಬೆರಳಗಲ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತುಗೆರೆ ಎಳೆದು, ತಟ್ಟೆಯ ತೆಳು ನೀರಿನಲ್ಲಿ ನಿಲ್ಲಿಸಿ. ನೀರು ಏರುತ್ತಾ ಕಪ್ಪನ್ನು ಬಿಡಿಸುತ್ತದೆ. ಸುಣ್ಣಕ್ಕೆ ಗಟ್ಟಿಯಾಗಿ ಅಂಟುವ ಬಣ್ಣ ಹಿಂದುಳಿಯುತ್ತದೆ, ನೀರಿನ ಜೊತೆ ಇರಬಯಸುವುದು ಮುಂದೆ ಓಡುತ್ತದೆ. ಮೊದಲು ಬೇಗ ಏರಿದ ನೀರು ಆಮೇಲೆ ನಿಧಾನಿಸುತ್ತದೆ: ಎರಡರಷ್ಟು ದೂರಕ್ಕೆ ಸುಮಾರು ನಾಲ್ಕರಷ್ಟು ಹೊತ್ತು. ಎಡ್ವರ್ಡ್ ವಾಶ್‌ಬರ್ನ್ 1921ರಲ್ಲಿ ಬರೆದ ಸಮೀಕರಣ ಹೇಳುವುದು ಇದನ್ನೇ.

ಈ ಬೇರ್ಪಡಿಕೆಯ ಬೆಲೆ ನನಗೆ ಒಂದು ಉಡುಗೊರೆಯಿಂದ ತಿಳಿಯಿತು. ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಹೂ ತುಂಬಿದ ಜಕರಂಡ ಮರದ ಮಾರ್ಕರ್ ಚಿತ್ರ ಬರೆದು, ಚೌಕಟ್ಟು ಹಾಕಿಸಿ ಕೊಟ್ಟಿದ್ದೆ. ಅವರು ಪ್ರೀತಿಯಿಂದ ಅದನ್ನು ಹಾಲಿನಲ್ಲಿ, ಬೆಳಗಿನ ಬಿಸಿಲು ಬೀಳುವ ಗೋಡೆಗೆ ಹಾಕಿದರು. ಮೂರು ವರ್ಷದ ಮೇಲೆ ಹೋದಾಗ ನೇರಳೆ ಹೂಗಳಿರಲಿಲ್ಲ. ಮಂಕು ನೀಲಿಯ ಮೋಡದಂಥದ್ದೊಂದು ಇತ್ತು. ಗೆಳೆಯರು ದಿನವೂ ನೋಡುತ್ತಿದ್ದವರು, ಅವರಿಗೆ ಬದಲಾದದ್ದೇ ಗೊತ್ತಾಗಿರಲಿಲ್ಲ. ನಾನು ಏನೂ ಹೇಳದೆ ಬಂದೆ, ಆದರೆ ಆ ರಾತ್ರಿಯೇ ಅದೇ ಮಾರ್ಕರ್‌ನ ಒಂದು ಚುಕ್ಕೆಯನ್ನು ಫಿಲ್ಟರ್ ಕಾಗದಕ್ಕೆ ಹಾಕಿ ಸ್ಪಿರಿಟ್ಟಿನಲ್ಲಿ ನಿಲ್ಲಿಸಿದೆ. ನೇರಳೆ ಎರಡಾಯಿತು: ಒಂದು ಗುಲಾಬಿ, ಒಂದು ನೀಲಿ. ಗೋಡೆಯ ಮೇಲೆ ಗುಲಾಬಿ ಸತ್ತು ನೀಲಿ ಉಳಿದಿತ್ತು.

ಡೈ ಕಣ ಬೆಳಕನ್ನು ಹೀರುವುದರಿಂದಲೇ ಬಣ್ಣವಾಗಿ ಕಾಣುತ್ತದೆ, ಹೀರಿದ ಶಕ್ತಿಯೇ ಕೆಲವೊಮ್ಮೆ ಆ ಕಣದ ಬಂಧವನ್ನು ಮುರಿಯುತ್ತದೆ. ಪುಡಿಯ ಬಣ್ಣದಲ್ಲಿ ಮೇಲಿನ ಪದರ ಹೋದರೂ ಒಳಗೆ ಇನ್ನಷ್ಟು ಇರುತ್ತದೆ. ಡೈ ಒಂದೊಂದೇ ಕಣವಾಗಿ ಬಯಲಲ್ಲಿ ನಿಂತಿರುತ್ತದೆ. ವಸ್ತುಸಂಗ್ರಹಾಲಯಗಳು ಇದನ್ನು ಅಳೆಯಲು ನೀಲಿ ಉಣ್ಣೆಯ ಎಂಟು ಪಟ್ಟಿಗಳನ್ನು ಬಳಸುತ್ತವೆ. ಒಂದನೆಯದು ಬಹಳ ಬೇಗ ಮಾಸುತ್ತದೆ, ಎಂಟನೆಯದು ಬಹಳ ತಡವಾಗಿ. ಪ್ರತಿಯೊಂದೂ ಹಿಂದಿನದಕ್ಕಿಂತ ಸರಿಸುಮಾರು ಎರಡರಷ್ಟು ಬಾಳುತ್ತದೆ. ಬೆಳಕಿಗೆ ತದ್ವಿರುದ್ಧವಾಗಿ ನಡೆದುಕೊಳ್ಳುವ ಶಾಯಿಯೂ ನಮ್ಮಲ್ಲೇ ಇದೆ. 1937ರಲ್ಲಿ ಸ್ಥಾಪನೆಯಾದ ಮೈಸೂರು ಪೇಂಟ್ಸ್ ಕಾರ್ಖಾನೆ 1962ರ ಚುನಾವಣೆಯಿಂದ ಒದಗಿಸುತ್ತಿರುವ ಮತದಾನದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಚರ್ಮದ ಉಪ್ಪಿನೊಡನೆ ಬೆರೆತು, ಬೆಳಕು ಬಿದ್ದಂತೆ ಅದು ಕಪ್ಪಾಗುತ್ತದೆ. ಅಲ್ಲಿ ಬಿಸಿಲು ಗುರುತನ್ನು ಗಟ್ಟಿ ಮಾಡುತ್ತದೆ, ನಮ್ಮ ಚಿತ್ರದಲ್ಲಿ ಅಳಿಸುತ್ತದೆ.

ಹಾಗಾದರೆ ಫೋಟೊ ತೆಗೆದು ಹಂಚಿದರೆ ಸಾಲದೇ? ಸಾಲದು ಎಂದು ನನ್ನ ಅನುಭವ. ಬಹಳ ಕಾಗದಗಳಿಗೆ, ಬಟ್ಟೆ ತೊಳೆಯುವ ಪುಡಿಗಳಿಗೂ ಹಾಕುವಂಥ, ಬಿಳುಪು ಹೆಚ್ಚಿಸುವ ವಸ್ತು ಬೆರೆಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆಯನ್ನು ಹೀರಿ ನೀಲಿಯಾಗಿ ಹೊಮ್ಮಿಸುತ್ತದೆ. ಮನೆಯ ಎಲ್‌ಇಡಿ ದೀಪದಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದೇ ಹಾಳೆ ಅಲ್ಲಿ ಹಳದಿಗೆ ತಿರುಗಿದಂತೆ ಕಾಣುತ್ತದೆ. ಫೋನು ತನ್ನಷ್ಟಕ್ಕೆ ಅದನ್ನು ಸರಿಪಡಿಸಲು ಹೋಗಿ ಮೇಲಿನ ಬಣ್ಣಗಳನ್ನೂ ಎಳೆದಾಡುತ್ತದೆ. ಗಾಢ ವೈಡೂರ್ಯದ ನೀಲಿಹಸಿರನ್ನೂ ಹೈಲೈಟರಿನ ಉರಿಯುವ ಗುಲಾಬಿಯನ್ನೂ ಸಾಧಾರಣ ಪರದೆ ತೋರಿಸಲಾರದು. ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಕಡೆ, ಮುಗಿಸಿದ ದಿನವೇ ತೆಗೆದ ಫೋಟೊ ಒಳ್ಳೆಯದು, ದಾಖಲೆಗೆ. ಕೊಡುವುದಕ್ಕೆ ಕಾಗದವೇ ಬೇಕು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1997ರಲ್ಲಿ ಎಂ. ವಾಂಚಿ ಸ್ಟಿರ್ನೆಮಾನ್ ಎಂಬ ಕಲಾವಿದರು ಇಸ್ಪೀಟೆಲೆಯಷ್ಟು, ಅಂದರೆ 64ಕ್ಕೆ 89 ಮಿಲಿಮೀಟರಿನ ಕಾರ್ಡುಗಳಲ್ಲಿ ಚಿತ್ರ ಬರೆದು ಇದಿರುಬದಿರು ಕೂತು ಬದಲಾಯಿಸಿಕೊಳ್ಳುವ ಪದ್ಧತಿ ಆರಂಭಿಸಿದರು. ಮಾರುವಂತಿಲ್ಲ, ಕೊಟ್ಟು ಪಡೆಯುವುದಷ್ಟೇ. ನಾವೂ ಈಗ ಆ ಅಳತೆಗೆ ಬಂದಿದ್ದೇವೆ. ಕಾರ್ಡು ಗೋಡೆಗೆ ಹೋಗುವುದಿಲ್ಲ, ಆಲ್ಬಮ್ಮಿನ ಕತ್ತಲಲ್ಲಿ ಕೂರುತ್ತದೆ. ಬೇಕೆಂದಾಗ ತೆರೆದು ನೋಡಿದರೆ ಅಷ್ಟು ಹೊತ್ತಿನ ಬೆಳಕಷ್ಟೇ ಅದಕ್ಕೆ ತಗಲುತ್ತದೆ. ಹಿಂಬದಿಗೆ ತಾರೀಖು, ಬಳಸಿದ ಮಾರ್ಕರ್‌ಗಳ ನಂಬರು ಬರೆಯುತ್ತೇವೆ, ಮುಂದೆ ಯಾವ ಬಣ್ಣ ಮಾಸಿತೆಂದು ಗೊತ್ತಾಗಲಿ ಎಂದು.

ಆ ಹುಡುಗಿಗೆ ನಾನು ಆಲ್ಕೋಹಾಲ್ ಮಾರ್ಕರ್ ಕೊಡಿಸಲಿಲ್ಲ. ಅವಳು ಸ್ಕೆಚ್ ಪೆನ್ನಿನಲ್ಲೇ ಒಂದು ದಾರಿ ಕಂಡುಕೊಂಡಳು: ಒಂದು ಲೇಪ ಹಾಕಿ, ಊದಿ ಆರಿಸಿ, ನೀರು ಹೋಗಿ ನಾರುಗಳು ಮತ್ತೆ ಕೈ ಹಿಡಿದ ಮೇಲೆ ಮಾತ್ರ ಎರಡನೆಯದು. ಅವಳ ಹನ್ನೆರಡು ಬಣ್ಣಗಳನ್ನೂ ನನ್ನ ಇಪ್ಪತ್ತನಾಲ್ಕನ್ನೂ ಪಟ್ಟಿಗಳಾಗಿ ಬಳಿದು, ಪ್ರತಿಯೊಂದರ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ, ಯುಗಾದಿಯ ದಿನ ನಮ್ಮ ಮನೆಯ ಪಶ್ಚಿಮದ ಕಿಟಕಿಗೆ ಒಳಗಿನಿಂದ ಅಂಟಿಸಿದ್ದೇವೆ. ಮಳೆ ಹಿಡಿಯುವ ಮುಂಚಿನ ಭಾನುವಾರ ತೆಗೆದು ಲಾಲ್‌ಬಾಗಿಗೆ ಒಯ್ಯಬೇಕು. ಗುಲಾಬಿಯ ಪಟ್ಟಿಯಲ್ಲಿ ಮುಚ್ಚಿದ ಅಂಚಿನ ಗೆರೆ ಈಗಲೇ ಕಾಣತೊಡಗಿದೆ.